ಚಳಿಗೆ ಮುನಿಸಿಕೊಂಡ ಜೀಪು



ಈ ಸಲ ಹಪ್ಪಳ, ಸಂಡಿಗೆ ಬಿಟ್ಟು ಜೀಪಿನ ವಿಷಯ ಬರೆಯುತ್ತಿದ್ದಾಳಲ್ಲ ಅಂತ ಹುಬ್ಬೇರಿಸಬೇಡಿ. ಮನೆ ಮುಂದೆ ಡೀಸೆಲ್ ಗಾಡಿ ಇರುವವರಿಗೆ ಇದೂ ಮನೆವಾರ್ತೆಯೇ.

ನಮ್ಮದು ಸಕಲೇಶಪುರದ ಕಡೆ. ಪುಷ್ಯ ಮಾಸದಲ್ಲಿ ಗಂಟೆ ಎಂಟಾದರೂ ಅಂಗಳದ ಮಂಜು ಕರಗುವುದಿಲ್ಲ. ನಮ್ಮ ಸಂಸಾರ ನಡೆಯುವುದೇ ಒಂದು ಹಳೆಯ ಡೀಸೆಲ್ ಜೀಪಿನಿಂದ. ಬೆಳಿಗ್ಗೆ ತೋಟದ ಕೆಲಸದವರನ್ನು ಬಿಟ್ಟುಬಂದು, ಆಮೇಲೆ ಮಕ್ಕಳನ್ನು ಶಾಲೆಗೆ ಕರೆದೊಯ್ಯಬೇಕು. ಹೋದ ಚಳಿಗಾಲ ಅದು ಮುನಿಸಿಕೊಂಡಿತು. ಕೀಲಿ ತಿರುಗಿಸಿದರೆ ಗರ್ ಗರ್ ಅನ್ನುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಮೂರು ದಿನ ಬೆಳಗಿನ ಬಾಡಿಗೆ ತಪ್ಪಿತು. ಮೆಕ್ಯಾನಿಕ್ ಒಬ್ಬ ನೋಡಿ, "ಎಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು" ಅಂದುಬಿಟ್ಟ. ಅಷ್ಟು ದುಡ್ಡು ಎಲ್ಲಿಂದ ತರೋಣ? ಯಜಮಾನರ ಕಣ್ಣು ನನ್ನ ಕೈಬಳೆಯ ಮೇಲೆ ಹೋಯಿತು. ಬಾಯಿಬಿಟ್ಟು ಕೇಳಲಿಲ್ಲ, ಪಾಪ. ನಾನೇ ಕಳಚಿ ಸೆರಗಿಗೆ ಗಂಟು ಹಾಕಿದೆ.

ರಾತ್ರಿ ನಿದ್ದೆ ಬರಲಿಲ್ಲ. ಬಿಸಿಲೇರಿದ ಮೇಲೆ ಸತಾಯಿಸಿ ಒಂದು ಸಲ ಸ್ಟಾರ್ಟ್ ಆದರೆ, ಆಮೇಲೆ ದಿನವಿಡೀ ತೊಂದರೆಯಿಲ್ಲ. ಏರು ರಸ್ತೆಯನ್ನೂ ಸಲೀಸಾಗಿ ಹತ್ತುತ್ತದೆ. ಎಂಜಿನ್ ಆಯಿಲ್ಲೂ ಇಳಿದಿಲ್ಲ. ಸವೆದ ಎಂಜಿನ್ ಹೀಗಿರುತ್ತದೆಯೇ? ಲಾರಿ ಓಡಿಸುವ ನನ್ನ ತಮ್ಮನಿಗೆ ಫೋನು ಮಾಡಿದೆ. "ಅಕ್ಕಾ, ನಾಳೆ ಭಾವ ಸ್ಟಾರ್ಟ್ ಮಾಡುವಾಗ ನೀನು ಪಕ್ಕಕ್ಕೆ ನಿಂತು ಹೊಗೆ ನೋಡು" ಅಂದ.

ಅವನು ಬಿಡಿಸಿ ಹೇಳಿದ್ದು ಇಷ್ಟು. ಪೆಟ್ರೋಲ್ ಗಾಡಿಯಲ್ಲಿ ಕಿಡಿ ಹಾರಿ ಉರಿ ಹತ್ತುತ್ತದೆ. ಡೀಸೆಲ್ ಗಾಡಿಗೆ ಕಿಡಿಯೇ ಇಲ್ಲ. ಗಾಳಿಯನ್ನು ಸುಮಾರು 20 ಪಟ್ಟು ಅದುಮಿದಾಗ ಅದು ಕಾಯುತ್ತದೆ. ಅದರೊಳಗೆ ಚಿಮ್ಮಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದಿಲ್ಲವೇ, ಹಾಗೆ. ಚಳಿಯಲ್ಲಿ ತಣ್ಣಗಾದ ಕಬ್ಬಿಣ ಆ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಅದಕ್ಕೇ ಅನೇಕ ಗಾಡಿಗಳಲ್ಲಿ ಸಿಲಿಂಡರಿಗೆ ಒಂದರಂತೆ ಗ್ಲೋ ಪ್ಲಗ್ ಇರುತ್ತದೆ. ಕೀಲಿ ಅರ್ಧ ತಿರುಗಿಸಿದಾಗ ಅದು ಕೆಂಡದ ಹಾಗೆ ಕಾಯುತ್ತದೆ. ಎದುರಿಗೆ ಸುರುಳಿ ಗುರುತಿನ ದೀಪ ಹತ್ತಿ, ಆರಿದ ಮೇಲೆಯೇ ಪೂರ್ತಿ ತಿರುಗಿಸಬೇಕು. ಎಣ್ಣೆ ಕಾಯದೆ ಸಾಸಿವೆ ಹಾಕಿದರೆ ಸಿಡಿಯುತ್ತದೆಯೇ, ನೀವೇ ಹೇಳಿ!

ಗೇರು ತೆಗೆದು, ಹ್ಯಾಂಡ್ ಬ್ರೇಕ್ ಹಾಕಿ, ಈ ಮೂರನ್ನು ಗಮನಿಸಿ:

1. ಎಂಜಿನ್ ಸುಸ್ತಾದಂತೆ ನಿಧಾನಕ್ಕೆ ತಿರುಗಿದರೆ ಅಥವಾ ಬರೀ ಟಕ್ ಅಂದರೆ ಬ್ಯಾಟರಿ ನೋಡಿಸಿ. ಚಳಿಗೆ ಅದರ ಬಲ ಕುಗ್ಗುತ್ತದೆ, ಆಯಿಲ್ಲೂ ಗಟ್ಟಿಯಾಗುತ್ತದೆ. ತುಂಬ ಚಾರ್ಜ್ ಇರುವ 12 ವೋಲ್ಟಿನ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ತೋರಿಸಬೇಕು. ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ತೆಗೆಸಿ.

2. ಚೆನ್ನಾಗಿ ತಿರುಗಿಯೂ ಹೊಗೆಯೇ ಬಾರದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಫಿಲ್ಟರ್ ಕಟ್ಟಿರಬಹುದು, ಇಲ್ಲವೆ ಪೈಪಿನೊಳಗೆ ಗಾಳಿ ಸೇರಿರಬಹುದು. ಕೈಪಂಪು ಒತ್ತಿದ ಮೇಲೆ ಸ್ಟಾರ್ಟ್ ಆದರೆ ಗಾಳಿಯದೇ ಕಾಟ ಅಂದುಕೊಳ್ಳಿ.

3. ಚೆನ್ನಾಗಿ ತಿರುಗಿ, ಕಣ್ಣುರಿಸುವ ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಉರಿಯುತ್ತಿಲ್ಲ. ಮೊದಲು ಗ್ಲೋ ಪ್ಲಗ್, ಅದರ ಫ್ಯೂಸ್, ರಿಲೇ ನೋಡಿಸಿ. ಅವೆಲ್ಲ ಸರಿಯಿದ್ದರೆ ಆಮೇಲೆ ಎಂಜಿನ್ನಿನ ಕಂಪ್ರೆಶನ್ ಅಳೆಸಿ. ಬಿಚ್ಚುವ ಮಾತು ಅದಾದ ಮೇಲೆ.

ಮಾರನೆಯ ಬೆಳಿಗ್ಗೆ ನಮ್ಮ ಜೀಪು ಬಿಳಿ ಹೊಗೆ ಕಾರಿತು. "ಹೊಗೆ ನೋಡಿ ರೋಗ ಹೇಳ್ತೀಯಾ?" ಅಂತ ಯಜಮಾನರು ನಕ್ಕರು. "ಇಪ್ಪತ್ತು ವರ್ಷ ಒಲೆ ಮುಂದೆ ಕೂತವಳು ರೀ ನಾನು. ಸೌದೆ ಹಸಿಯೋ ಒಣಗಿದೆಯೋ ಅಂತ ಹೊಗೆ ನೋಡಿಯೇ ಹೇಳ್ತೀನಿ" ಅಂದೆ. ಬೇರೆ ಗ್ಯಾರೇಜಿನ ಹುಡುಗ ಒಂದೊಂದಾಗಿ ಪರೀಕ್ಷೆ ಮಾಡಿದ. ನಾಲ್ಕು ಪ್ಲಗ್ಗಿನಲ್ಲಿ ಮೂರು ಸತ್ತಿದ್ದವು! ನಾಲ್ಕನ್ನೂ ಬದಲಾಯಿಸಿದ್ದಾಯಿತು. ಮರುದಿನ ಮಂಜಿನಲ್ಲೇ ಜೀಪು ಹೊರಟಿತು. ಬಳೆ ಸೆರಗಿನಿಂದ ಕೈಗೆ ಬಂತು.

ಕೆಲವು ಎಚ್ಚರಿಕೆ. ಒಂದೇ ಸಮ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಕೀಲಿ ಹಿಡಿಯಬಾರದು. ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ಎಂಜಿನ್ ಕೆಳಗೆ ಚಿಂದಿಗೆ ಬೆಂಕಿ ಹಚ್ಚಿ ಹಿಡಿಯುವ ಹುಚ್ಚು ಸಾಹಸ ಬೇಡವೇ ಬೇಡ. ಗ್ಲೋ ಪ್ಲಗ್ ಇರುವ ಗಾಡಿಗೆ ಈಥರ್ ಸ್ಪ್ರೇ ಹೊಡೆದರೆ ಒಳಗೇ ಸಿಡಿದೀತು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿ ವಿಷವಿರುತ್ತದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಅದು ಬೇರೆ ರೋಗ, ತಡಮಾಡದೆ ತೋರಿಸಿ.

ದೊಡ್ಡ ಖರ್ಚಿಗೆ ಹೂಂ ಅನ್ನುವ ಮೊದಲು ಸಣ್ಣದನ್ನು ನೋಡಿಸಿ ಸೋದರಿಯರೇ. ನಮಗೇನು ತಿಳಿಯುತ್ತದೆ ಅಂತ ಹಿಂದೆ ಸರಿಯಬೇಡಿ. ಹೊಗೆಯ ಭಾಷೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮುಂದಿನ ಸಂಚಿಕೆಯಲ್ಲಿ ಅವರೆಕಾಳಿನ ಅಡುಗೆಯೊಂದಿಗೆ ಬರುತ್ತೇನೆ.