ಹಳ್ಳದ ಇಳಿಜಾರು ಯಾರ ಸ್ವತ್ತು?

ಮಳೆಗಾಲದ ನಟ್ಟನಡುವೆ, ಘಟ್ಟದ ಜನ ಹಳ್ಳ ದಾಟಲು ಹೆದರಿ ಮನೆಯಲ್ಲಿ ಕುಳಿತಿರುವ ಹೊತ್ತಿಗೆ, ಬೇಕೆಂದೇ ಅದೇ ಹಳ್ಳಕ್ಕೆ ಇಳಿಯುವ ಮಂದಿಯೂ ಉಂಟು. ಕಲ್ಲಿಕೋಟೆ ಜಿಲ್ಲೆಯ ಕೋಡಂಚೇರಿಯಲ್ಲಿ 2013ರಲ್ಲಿ ಆರಂಭವಾದ ಮಲಬಾರ್ ನದಿ ಉತ್ಸವಕ್ಕೆ ದೇಶವಿದೇಶಗಳಿಂದ ಕಯಾಕ್ ಸವಾರರು ಬರುತ್ತಾರೆ. ಚಾಲಿಪ್ಪುಳ, ಇರುವಂಜಿಪ್ಪುಳ ಎಂಬ ಎರಡು ಹೊಳೆಗಳ ಬಂಡೆಗಳ ನಡುವೆ ಅವರ ಪಂದ್ಯ. ಗೆದ್ದವನಿಗೆ ‘ರ್‍ಯಾಪಿಡ್ ರಾಜಾ’, ಗೆದ್ದವಳಿಗೆ ‘ರ್‍ಯಾಪಿಡ್ ರಾಣಿ’ ಎಂದು ಬಿರುದು. ರಾಜರನ್ನು ಮನೆಗೆ ಕಳಿಸಿ ಇಷ್ಟು ವರ್ಷವಾದರೂ ಬಿರುದಿಗೆ ಮಾತ್ರ ಅವರೇ ಬೇಕು!

ಹಣವಂತರ ಈ ಹುಚ್ಚಾಟದಲ್ಲಿ ನಮ್ಮಂಥ ಪತ್ರಿಕೆಗೇನು ಕೆಲಸ ಎಂದು ಓದುಗರು ಕೇಳಬಹುದು. ಆದರೆ ಕಯಾಕ್ ಹುಟ್ಟಿದ್ದು ಹಣವಂತರ ಮನೆಯಲ್ಲಲ್ಲ. ಉತ್ತರ ಧ್ರುವದ ಸೀಮೆಯ ಇನುಯಿಟ್ ಜನ, ತೇಲಿಬಂದ ಮರದ ಚೌಕಟ್ಟಿಗೆ ಸೀಲ್ ಪ್ರಾಣಿಯ ತೊಗಲು ಹೊದಿಸಿ, ಹೊಟ್ಟೆಪಾಡಿನ ಬೇಟೆಗೆಂದು ಕಟ್ಟಿಕೊಂಡ ದೋಣಿ ಅದು. ಮಗುಚಿದರೆ ದೋಣಿ ಬಿಡದೆಯೇ ಹುಟ್ಟಿನ ಒಂದು ಬೀಸಿನಿಂದ ಮತ್ತೆ ನೆಟ್ಟಗಾಗುವ ವಿದ್ಯೆಯೂ ಅವರದೇ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಹೊಸ ದೋಣಿಯ ಬೆಲೆ ಲಕ್ಷ ರೂಪಾಯಿ ದಾಟುತ್ತದೆ.

ನೋಡುವವರಿಗೆ ಇದು ಬರಿಯ ಎದೆಗಾರಿಕೆ ಎಂದು ಕಂಡೀತು. ಹಾಗಲ್ಲ. ಬಲ್ಲ ಸವಾರ ದಡಕ್ಕೆ ಬಂದು, ಬಂಡೆ ಹತ್ತಿ, ಮುಂದಿನ ಧುಮುಕನ್ನು ಕಣ್ಣಿನಲ್ಲೇ ಅಳೆದ ಮೇಲೆ ಇಳಿಯುತ್ತಾನೆ. ದೊಡ್ಡ ಬಂಡೆಯ ಹಿಂದೆ ನೀರು ತಿರುಗಿ ಮೇಲ್ಮುಖವಾಗಿ ಹರಿಯುವ ಜಾಗವೇ ಅವನ ತಂಗುದಾಣ. ಧುಮುಕಿನ ಬುಡದಲ್ಲಿ ಸುತ್ತಿ ಸುತ್ತಿ ಹಿಂದಕ್ಕೆಳೆಯುವ ಸುಳಿ ಅಪಾಯಕಾರಿ. ಅದಕ್ಕಿಂತ ಘೋರವಾದದ್ದು ಬಂಡೆಗಳ ಅಡಿಯ ಸಂದು. ನೀರು ಅದರೊಳಕ್ಕೆ ನುಗ್ಗಿ ಆಚೆ ಹೊರಡುತ್ತದೆ, ಮನುಷ್ಯ ಹೊರಡಲಾರ. ಆದುದರಿಂದ ದಡದಲ್ಲಿ ಹಗ್ಗದ ಚೀಲ ಹಿಡಿದು ನಿಂತ ಜೊತೆಗಾರನಿಲ್ಲದೆ ಯಾರೂ ಇಳಿಯತಕ್ಕದ್ದಲ್ಲ. ನೀರು ಒಂದು ಗೇಣು ಏರಿದರೆ ಅದೇ ಹಳ್ಳ ಬೇರೊಂದು ಹಳ್ಳ. ಒಂದು ಗೇಣು ಇಳಿದರೆ ಬರಿಯ ಕಲ್ಲಿನ ರಾಶಿ.

ನಮ್ಮ ಮಾತು ಶುರುವಾಗುವುದು ಇಲ್ಲಿಯೇ. ಕಡಿದಾದ ಇಳಿಜಾರು, ತುಂಬು ನೀರು: ಕಯಾಕಿಗೆ ಬೇಕಾದ್ದು ಇವೆರಡು. ಕಿರು ಜಲವಿದ್ಯುತ್ ಕಟ್ಟುವವನಿಗೆ ಬೇಕಾದ್ದೂ ಇವೇ ಎರಡು. ಅವನು ಮೇಲುಗಡೆ ಗಿಡ್ಡ ಒಡ್ಡು ಹಾಕಿ, ನೀರನ್ನು ಕೊಳವೆಗೆ ತಿರುಗಿಸಿ, ಕೆಳಗಿನ ಯಂತ್ರಾಗಾರದಲ್ಲಿ ಹೊಳೆಗೆ ಮರಳಿಸುತ್ತಾನೆ. ನಡುವಿನ ಪಾತ್ರಕ್ಕೆ ಸಿಗುವುದು ಒಡ್ಡು ಮೀರಿ ಬಂದದ್ದು ಮಾತ್ರ. ಮೀನು, ತೋಟಕ್ಕೆ ನೀರು ಹಾಯಿಸುವ ರೈತ, ಬಟ್ಟೆ ಒಗೆಯುವ ಹೆಂಗಸು, ದನಕರು ಎಲ್ಲ ಇರುವುದು ಆ ನಡುವಿನ ಭಾಗದಲ್ಲೇ. ಉತ್ಸವ ನಡೆಯುವ ಹೊಳೆಗಳೂ ಇದಕ್ಕೆ ಹೊರತಲ್ಲ. ಚಾಲಿಪ್ಪುಳದ ಮೇಲೆ ಚೆಂಬುಕಡವಿನಲ್ಲಿ ರಾಜ್ಯ ವಿದ್ಯುತ್ ಮಂಡಳಿಯ ಎರಡು ಚಿಕ್ಕ ಕೇಂದ್ರಗಳಿವೆ. ಇರುವಂಜಿಪ್ಪುಳದ ಮೇಲೆ ಪತಂಕಯಂನಲ್ಲಿ 8 ಮೆಗಾವಾಟಿನ ಖಾಸಗಿ ಕೇಂದ್ರವಿದೆ.

ಇಂಥ ನೀರಿಗಾಗಿ ಕಯಾಕಿನವರೇ ಹೋರಾಡಿ ಗೆದ್ದ ಒಂದು ಪ್ರಸಂಗ ಅಮೆರಿಕದ ಉತ್ತರ ಕೆರೊಲಿನಾದ್ದು. ಅಲ್ಲಿ ಚಿಯೋವಾ ಎಂಬ ಬಂಡೆಗಲ್ಲಿನ ಹೊಳೆ. ಅಲ್ಯೂಮಿನಿಯಂ ಕಂಪೆನಿಯೊಂದು ತನ್ನ ಕುಲುಮೆಗಳ ವಿದ್ಯುತ್ತಿಗಾಗಿ 1928ರಲ್ಲಿ ಅದಕ್ಕೆ ಅಣೆಕಟ್ಟು ಹಾಕಿ ನೀರನ್ನು ಕೊಳವೆಗೆ ತಿರುಗಿಸಿತು. ಸುಮಾರು ಒಂಬತ್ತು ಮೈಲು ಪಾತ್ರ ಬತ್ತಿ, ಕಲ್ಲುಗಳ ಸಂದಿನಲ್ಲಿ ಗಿಡಮರ ಬೆಳೆದವು. ಆದರೆ ಅಲ್ಲಿ ಅಣೆಕಟ್ಟಿನ ಲೈಸೆನ್ಸು ಶಾಶ್ವತವಲ್ಲ, 30ರಿಂದ 50 ವರ್ಷದ್ದು. ಲೈಸೆನ್ಸು ಕೊಡುವಾಗ ವಿದ್ಯುತ್ತಿಗೆ ಸರಿಸಮನಾಗಿ ಮೀನು, ವನ್ಯಜೀವಿ, ಜನರ ವಿಹಾರ ಇವನ್ನೂ ಪರಿಗಣಿಸತಕ್ಕದ್ದೆಂದು 1986ರ ಕಾನೂನು ವಿಧಿಸಿತು. 1954ರಲ್ಲಿ ಸ್ಥಾಪನೆಯಾದ ಅಮೆರಿಕನ್ ವೈಟ್‌ವಾಟರ್ ಎಂಬ ದೋಣಿಗಾರರ ಸಂಘ ಇಂಥ ಕಲಮುಗಳನ್ನು ಹಿಡಿದು ಪಟ್ಟಾಗಿ ಕುಳಿತಿತು. 77 ವರ್ಷದ ಮೇಲೆ, 2005ರಲ್ಲಿ, ಚಿಯೋವಾಕ್ಕೆ ನೀರು ಬಿಟ್ಟರು: ವರ್ಷವಿಡೀ ಒಂದು ಕನಿಷ್ಠ ಹರಿವು, ಗೊತ್ತುಪಡಿಸಿದ ಕೆಲವು ದಿನ ದೋಣಿಗೆ ಸಾಕಾಗುವಷ್ಟು. ಬಂಡವಾಳಶಾಹಿಯ ತವರಿನಲ್ಲಿ ಆಟದ ದೋಣಿಗೆ ಸಿಕ್ಕಿದ ನ್ಯಾಯ ನಮ್ಮಲ್ಲಿ ನೀರು ಹೊರುವ ಬಿಂದಿಗೆಗೂ ಸಿಕ್ಕಿಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ? 2006ರ ಅಧಿಸೂಚನೆಯ ಪ್ರಕಾರ 25 ಮೆಗಾವಾಟಿಗಿಂತ ಕಡಮೆಯ ಜಲವಿದ್ಯುತ್ತಿಗೆ ಪರಿಸರ ಅನುಮತಿ ಬೇಡ. ಅನುಮತಿ ಬೇಡವಾದ ಮೇಲೆ ಸಾರ್ವಜನಿಕ ಅಹವಾಲು ಸಭೆಯೂ ಬೇಡ. ನೇತ್ರಾವತಿಯ ಮೇಲೆ 24.75 ಮೆಗಾವಾಟು ಎಂಬ ವಿಚಿತ್ರ ಅಂಕಿಯ ಯೋಜನೆಗಳು ಏಕೆ ಹುಟ್ಟಿದವೆಂದು ಇನ್ನು ವಿವರಿಸಬೇಕಾಗಿಲ್ಲ. ಹೊಳೆಯಲ್ಲಿ ಇಷ್ಟು ನೀರು ಉಳಿಯಲೇಬೇಕೆಂದು ಕೇಂದ್ರ ಸರ್ಕಾರ 2018ರಲ್ಲಿ ಅಂಕಿ ಗೊತ್ತುಮಾಡಿತು, ನಿಜ: ನವೆಂಬರಿನಿಂದ ಮಾರ್ಚಿಯವರೆಗೆ ಶೇಕಡ 20, ಮಳೆಗಾಲಕ್ಕೆ ಶೇಕಡ 30. ಅದು ಗಂಗೆಗೆ ಮಾತ್ರ. ನೇತ್ರಾವತಿ, ಕುಮಾರಧಾರೆಯರು ಮಾಡಿದ ಪಾಪವೇನು?

ವಿದ್ಯುತ್ತು ಬೇಡವೆಂದು ನಾವು ಹೇಳುತ್ತಿಲ್ಲ. ಬುಡ್ಡಿದೀಪದ ಕಾಲಕ್ಕೆ ಮರಳುವ ಆಸೆ ದುಡಿಯುವವರಾರಿಗೂ ಇಲ್ಲ. ಹೊಳೆ ತಿರುಗಿಸುವ ಮುನ್ನ ದಂಡೆಯ ಜನರನ್ನು ಕೇಳಬೇಕು, ಮೆಗಾವಾಟು ಎಷ್ಟೇ ಇರಲಿ. ದಾಂಡೇಲಿಯ ಬಳಿ ಕಾಳಿಯಲ್ಲಿ ರಾಫ್ಟು ತೇಲುವುದೂ ಮೇಲಿನ ಅಣೆಕಟ್ಟಿನವರು ನೀರು ಬಿಟ್ಟಾಗಲೇ. ಪ್ರವಾಸಿ ಕಾದು ಕುಳಿತಾನು, ಅವನಿಗೆ ರಜೆ ಇದೆ. ಕೆಳಗಿನ ಗದ್ದೆಯ ಸಸಿ ಕಾಯುವುದಿಲ್ಲ.

ಉತ್ಸವಗಳಿಗೆ ಸರ್ಕಾರ ಹಣ ಸುರಿಯುವುದಾದರೆ ಹತ್ತು ದೋಣಿ, ಹತ್ತು ಶಿರಸ್ತ್ರಾಣ, ಒಬ್ಬ ತರಬೇತಿದಾರನನ್ನು ಹೊಳೆದಂಡೆಯ ಶಾಲೆಗೂ ಕೊಡಲಿ. ಕಯಾಕ್ ಕ್ರಾಸ್ 2024ರ ಪ್ಯಾರಿಸ್ ಒಲಿಂಪಿಕ್ಸಿಗೂ ಬಂದಾಯಿತು. ಮಡುವಿನ ಆಳ ಬಲ್ಲ ಹುಡುಗಿ ದಡದಲ್ಲಿ ನಿಂತು ಚಪ್ಪಾಳೆ ತಟ್ಟುವುದೇಕೆ? ಇನ್ನು, ಇಳಿಯುವ ಮುನ್ನ ಸವಾರ ಮೊದಲು ವಿಚಾರಿಸುವುದು ನೀರಿನ ಅಳತೆಯನ್ನು. ಆ ಅಳತೆ ನಮಗೂ ಬೇಕು. ಪ್ರತಿ ಒಡ್ಡಿನ ಗೋಡೆಗೂ ಅಳತೆಪಟ್ಟಿ ಬರೆಸಿ, ಇಂದು ಕೊಳವೆಗೆ ಹೋದದ್ದೆಷ್ಟು, ಹೊಳೆಗೆ ಬಿಟ್ಟದ್ದೆಷ್ಟು ಎಂಬುದನ್ನು ಗ್ರಾಮ ಪಂಚಾಯತಿಯ ಹಲಗೆಯ ಮೇಲೆ ದಿನವೂ ಬೆಳಿಗ್ಗೆ ಬರೆಯಲಿ.