ಜಿಪ್ಸಂ ಸುರಿದರೆ ಸಾಲದು, ಸೋಡಿಯಂಗೆ ದಾರಿ ಬಿಡಿ

ಕಂಪ್ಲಿ, ಹೊಸಪೇಟೆ ಕಡೆಯ ಕಾಲುವೆ ಬಯಲಲ್ಲಿ ಒಂದು ಮಾತು ಆಗಾಗ ಕೇಳ್ತೀನಿ: "ಜಿಪ್ಸಂ ಹಾಕಿದ್ವಿ, ಭೂಮಿ ಹಂಗೇ ಐತಿ." ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಬಸಿಗಾಲುವೆ ಇಲ್ಲದ ಹೊಲಕ್ಕೆ ಜಿಪ್ಸಂ ಹಾಕೋದು ದುಡ್ಡು ಮಣ್ಣುಪಾಲು ಮಾಡಿದಂಗೆ. ಯಾಕೆ ಅನ್ನೋದಕ್ಕೆ ನೀವು ಪಿಯುಸಿಯಲ್ಲಿ ಓದಿದ ಕೆಮಿಸ್ಟ್ರಿಯೇ ಉತ್ತರ.

ಮೊದಲನೆಯದು ಕರಗುವಿಕೆ. ಒಂದು ಲೀಟರ್ ನೀರಲ್ಲಿ ಅಡುಗೆ ಉಪ್ಪು ಸುಮಾರು 360 ಗ್ರಾಂ ಕರಗುತ್ತೆ. ಜಿಪ್ಸಂ ಬರೀ ಎರಡೂವರೆ ಗ್ರಾಂ ಆಸುಪಾಸು. ಬರೀ ನೀರಿನ ಲೆಕ್ಕದಲ್ಲಿ 1 ಟನ್ ಕರಗೋಕೆ 4 ಲಕ್ಷ ಲೀಟರ್, ಅಂದ್ರೆ ಎಕರೆ ತುಂಬಾ 4 ಇಂಚು ನೀರು ಬೇಕು. ಕ್ಷಾರ ಮಣ್ಣಲ್ಲಿ ಇದು ಸ್ವಲ್ಪ ಸುಲಭ. ಜೇಡಿ ಕಣಗಳು ಕ್ಯಾಲ್ಸಿಯಂ ಎಳ್ಕೊಂಡಂತೆ ನೀರಲ್ಲಿ ಅದು ಕಡಿಮೆಯಾಗಿ, ಇನ್ನಷ್ಟು ಜಿಪ್ಸಂ ಕರಗುತ್ತೆ. ಹೆಂಟೆಯಾಗಿದ್ದರೆ ಮಾತ್ರ ನಿಧಾನ. ಪುಡಿ ಮಾಡಿ ಮೇಲ್ಮಣ್ಣಿಗೆ ಬೆರೆಸಿ.

ಎರಡನೆಯದು ಸಮತೋಲನ. ಕ್ಯಾಲ್ಸಿಯಂ ಬಂದು ಕೂತಾಗ ಜೇಡಿಗೆ ಅಂಟಿದ್ದ ಸೋಡಿಯಂ ಬಿಟ್ಟು ನೀರಿಗೆ ಇಳಿಯುತ್ತೆ. ಆದರೆ ಈ ಕ್ರಿಯೆ ಎರಡೂ ಕಡೆ ಓಡುತ್ತೆ. ಲೆ ಶಾಟೆಲಿಯರ್ 1884ರಲ್ಲಿ ಹೇಳಿದ ತತ್ವ ಇಲ್ಲಿ ನಮ್ಮ ಗದ್ದೆಯಲ್ಲೇ ಕೆಲಸ ಮಾಡುತ್ತೆ: ಹುಟ್ಟಿದ್ದನ್ನ ಹೊರಗೆ ತೆಗೀತಾ ಇದ್ದರೆ ಕ್ರಿಯೆ ಮುಂದಕ್ಕೆ ಸಾಗುತ್ತೆ, ಅಲ್ಲೇ ಬಿಟ್ಟರೆ ನಿಲ್ಲುತ್ತೆ. ಸೋಡಿಯಂ ನೀರು ಹೊಲದಲ್ಲೇ ಉಳಿದರೆ ಬೇಸಿಗೆಯಲ್ಲಿ ನೀರು ಆರಿ ಗಟ್ಟಿಯಾಗುತ್ತೆ, ಕ್ಯಾಲ್ಸಿಯಂ ಸುಣ್ಣವಾಗಿ ಕೂರುತ್ತೆ, ಸೋಡಿಯಂ ಮತ್ತೆ ಜೇಡಿಗೆ ಅಂಟುತ್ತೆ. ನಮ್ಮ ಎರೆಮಣ್ಣಲ್ಲಿ ನೀರು ಇಳಿಯೋದೇ ನಿಧಾನ, ಹಂಗಾಗಿ ಅಪಾಯ ಹೆಚ್ಚು.

"ಬಸಿಗಾಲುವೆ ಒಬ್ಬನಿಂದ ಆಗೋ ಕೆಲಸವೇ?" ಅಂತ ಕೇಳ್ತೀರಿ. ನಿಜ, ಆಗಲ್ಲ. ನಿಮ್ಮ ಹೊಲದ ಉಪ್ಪುನೀರು ಕೆಳಗಿನವರ ಗದ್ದೆಗೆ ನುಗ್ಗಿದರೆ ಜಗಳ ಬೇರೆ. ಅದಕ್ಕೇ ನಾನು ಹೇಳೋದು, ಜಿಪ್ಸಂ ಚೀಲಕ್ಕೆ ಸಬ್ಸಿಡಿ ಕೇಳೋ ಮುಂಚೆ ಅಕ್ಕಪಕ್ಕದವರು ಕೂಡಿ, ಹಳ್ಳದವರೆಗೆ ಬಸಿಗಾಲುವೆ ಕೇಳಿ. 1953ರಿಂದ ತುಂಗಭದ್ರಾ ನೀರು ಬರೋ ದಾರಿ ನೋಡ್ತಾ ಬಂದಿದ್ದೀವಿ, ಹೋಗೋ ದಾರಿ ಅಷ್ಟಾಗಿ ನೋಡಿಲ್ಲ.

ಅದಕ್ಕೂ ಮುಂಚೆ ಮಣ್ಣು ಪರೀಕ್ಷೆ. ಬಿಳಿ ಉಪ್ಪು ಕಂಡ ಕೂಡಲೇ ಜಿಪ್ಸಂ ಅಲ್ಲ. ಬರೀ ಉಪ್ಪಿನ ಮಣ್ಣಾದರೆ ನೀರು ಹಾಯಿಸಿ ಬಸಿದರೆ ಸಾಕು. ರಸಸಾರ 8.5 ದಾಟಿ, ವಿನಿಮಯ ಸೋಡಿಯಂ ಶೇ. 15ಕ್ಕಿಂತ ಹೆಚ್ಚಿದ್ದರೆ ಜಿಪ್ಸಂ ಬೇಕು. ಎಷ್ಟು ಅಂತ ವರದಿಯೇ ಹೇಳಲಿ. ಸಂಡೂರಿನ ಕೆಂಪು ಮಣ್ಣಿನವರು ಕಂಪ್ಲಿ ಲೆಕ್ಕ ನಕಲು ಮಾಡಬೇಡಿ. ಶೇಂಗಾಕ್ಕೆ ಹಾಕೋ ಜಿಪ್ಸಂ ಲೆಕ್ಕವೇ ಬೇರೆ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆ ಕೆಲಸ ನಡೀತಿದೆ. ಈ ಬೇಸಿಗೆ, ಗದ್ದೆ ಖಾಲಿ ಇರುವಾಗಲೇ ಮಣ್ಣು ತಗೊಂಡು ಹೋಗಿ ವಿಚಾರಿಸಿ.