ನಡೆಯದ ದಾಳಿ, ನಡೆದ ಯುದ್ಧ

1964ರ ಆಗಸ್ಟ್ 4ರ ರಾತ್ರಿ ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಎರಡು ಯುದ್ಧನೌಕೆಗಳು ಕತ್ತಲೆಗೆ ಗುಂಡು ಹಾರಿಸಿದವು. ಉತ್ತರ ವಿಯಟ್ನಾಮಿನ ಟಾರ್ಪೆಡೊ ದೋಣಿಗಳು ಮೇಲೇರಿ ಬಂದವೆಂದು ವಾಷಿಂಗ್ಟನ್ನಿಗೆ ಸುದ್ದಿ ಹೋಯಿತು. ಕೆಲವೇ ತಾಸುಗಳಲ್ಲಿ ನೌಕೆಗಳ ಮುಖ್ಯಾಧಿಕಾರಿ ಹೆರಿಕ್ ಅವರೇ ಇನ್ನೊಂದು ಸಂದೇಶ ಕಳಿಸಿದರು: ಕೆಟ್ಟ ಹವೆ, ಯಂತ್ರದ ಮುಂದೆ ಕುಳಿತವರ ಅತಿ ಉತ್ಸಾಹ, ಇವುಗಳಿಂದ ತಪ್ಪು ವರದಿ ಬಂದಿರಬಹುದು; ಕಣ್ಣಾರೆ ಕಂಡವರಿಲ್ಲ; ಪೂರ್ತಿ ವಿಚಾರಿಸಿ ಮುಂದುವರಿಯಿರಿ. ವಿಚಾರಿಸುವ ತಾಳ್ಮೆ ಯಾರಿಗಿತ್ತು? ಆ ದಿನವೇ ಅಧ್ಯಕ್ಷ ಜಾನ್ಸನ್ನರು ಟೆಲಿವಿಷನ್ನಿನಲ್ಲಿ ಪ್ರತೀಕಾರ ಸಾರಿದರು. ಉತ್ತರ ವಿಯಟ್ನಾಮಿನ ನೌಕಾನೆಲೆಗಳ ಮೇಲೂ ವಿನ್ಹ್ ಪಟ್ಟಣದ ತೈಲದ ಉಗ್ರಾಣದ ಮೇಲೂ ಬಾಂಬು ಬಿದ್ದವು.

ಅಂದು ದಾಳಿ ನಡೆಯಲೇ ಇಲ್ಲವೆಂಬುದು ನಮ್ಮ ಊಹೆಯಲ್ಲ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಸ್ವಂತ ಇತಿಹಾಸಕಾರರೇ ಬರೆದಿಟ್ಟ ಮಾತದು. 2005ರಲ್ಲಿ ಬಯಲಿಗೆ ಬಂತು.

ಆಗಸ್ಟ್ 2ರಂದು ಒಂದು ಚಕಮಕಿ ನಿಜವಾಗಿಯೂ ನಡೆದಿತ್ತು; ಅದನ್ನು ಮರೆಮಾಚುವುದು ನಮಗೆ ಬೇಕಿಲ್ಲ. ಆದರೆ ಅದಕ್ಕೂ ಮುಂಚೆ, ಜುಲೈ ಕೊನೆಯಲ್ಲಿ, ಅಮೆರಿಕ ಯೋಜಿಸಿ ದೋಣಿ ಕೊಟ್ಟು ಕಳಿಸಿದ ದಕ್ಷಿಣ ವಿಯಟ್ನಾಮಿನ ಪಡೆ ಉತ್ತರದ ದ್ವೀಪಗಳ ಮೇಲೆ ಗುಂಡಿನ ಮಳೆಗರೆದಿತ್ತು. ಈ ಸುಳಿವು ಒರೆಗಾನಿನ ಸೆನೆಟರ್ ವೇಯ್ನ್ ಮೋರ್ಸರಿಗೆ ಸಿಕ್ಕಿತ್ತು. ಅವರು ಕೇಳಿದರು. ನಮ್ಮ ನೌಕಾಪಡೆಗೆ ಅದರಲ್ಲಿ ಪಾತ್ರವೂ ಇಲ್ಲ, ಅರಿವೂ ಇಲ್ಲ ಎಂದು ರಕ್ಷಣಾ ಮಂತ್ರಿ ಮೆಕ್ನಮಾರಾ ಉತ್ತರಿಸಿದರು. ಸದನಕ್ಕೆ ಅಷ್ಟು ಸಾಕಾಯಿತು!

ಆಗಸ್ಟ್ 7ರಂದು ಅಮೆರಿಕದ ಕಾಂಗ್ರೆಸ್ಸು (ಅಲ್ಲಿನ ಪಾರ್ಲಿಮೆಂಟಿಗೆ ಆ ಹೆಸರು, ನಮ್ಮಲ್ಲಿನ ಪಕ್ಷವಲ್ಲ) ಅಗತ್ಯವೆನಿಸಿದ್ದನ್ನೆಲ್ಲ ಮಾಡುವ ಅಧಿಕಾರವನ್ನು ಅಧ್ಯಕ್ಷರ ಕೈಗಿತ್ತಿತು. ಕೆಳಮನೆಯಲ್ಲಿ ಪರವಾಗಿ 416, ವಿರೋಧ ಸೊನ್ನೆ. ಒಂದು ತಾಸಿನ ಚರ್ಚೆಯೂ ಆಗಲಿಲ್ಲ. ಸೆನೆಟ್ಟಿನಲ್ಲಿ ಪರ 88, ವಿರೋಧ ಇಬ್ಬರು: ಮೋರ್ಸ್ ಮತ್ತು ಅಲಾಸ್ಕಾದ ಅರ್ನೆಸ್ಟ್ ಗ್ರೂನಿಂಗ್. ಈ ಬಗೆಯ ನಿರ್ಣಯದ ಕರಡನ್ನು ಸರಕಾರ ಘಟನೆಗೆ ತಿಂಗಳುಗಳ ಮೊದಲೇ ಬರೆಸಿಟ್ಟಿತ್ತು. ಮದುವೆಯ ಚಪ್ಪರ ಹಾಕಿ ಹೆಣ್ಣು ಹುಡುಕಿದ ಹಾಗೆ.

ಜಗಳದ ಮೂಲ 1954ರ ಜಿನೀವಾ ಒಪ್ಪಂದದಲ್ಲಿದೆ. 1956ರ ಜುಲೈಯಲ್ಲಿ ಇಡೀ ವಿಯಟ್ನಾಮಿನಲ್ಲಿ ಚುನಾವಣೆಯೆಂದು ಅಲ್ಲಿ ಗೊತ್ತಾಗಿತ್ತು. ಒಪ್ಪಂದದ ಪಾಲನೆ ನೋಡಿಕೊಳ್ಳುವ ಆಯೋಗಕ್ಕೆ ಭಾರತವೇ ಅಧ್ಯಕ್ಷ. ಹೋ ಚಿ ಮಿನ್ ಗೆಲ್ಲುವರೆಂಬ ಅಂಜಿಕೆಯಿಂದ ದಕ್ಷಿಣದ ದಿಯೆಮ್ ಚುನಾವಣೆಗೆ ಒಪ್ಪಲಿಲ್ಲ. ಅಮೆರಿಕ ಬೆನ್ನು ತಟ್ಟಿತು. ಹನೋಯ್ ಸರಕಾರಕ್ಕೆ ನಾವು ಆರತಿ ಎತ್ತುವವರಲ್ಲ. ಅದರ ಭೂಸುಧಾರಣೆಯ ಕಾಲದಲ್ಲಿ ಸಾವಿರಾರು ಜನ ಸತ್ತುದನ್ನು ನಾವು ಬಲ್ಲೆವು. ಆದರೆ ಪ್ರಜಾಪ್ರಭುತ್ವ ಕಾಪಾಡಲು ಬಂದೆವೆಂದವರು ಮತಪೆಟ್ಟಿಗೆಗೇ ಹೆದರಿದ್ದರೆಂಬುದನ್ನು ಮರೆಯುವುದು ಹೇಗೆ?

ಆ ಶರತ್ಕಾಲದ ಚುನಾವಣಾ ಭಾಷಣಗಳಲ್ಲಿ ಜಾನ್ಸನ್ನರು, ಏಷ್ಯದ ಹುಡುಗರು ಮಾಡಬೇಕಾದ ಕಾಳಗಕ್ಕೆ ನಮ್ಮ ಹುಡುಗರನ್ನು ಕಳಿಸೆವು ಎಂದರು. ಗೆದ್ದರು. 1965ರ ಮಾರ್ಚ್ 8ರಂದು ದನಾಂಗ್ ದಂಡೆಯಲ್ಲಿ ನೌಕಾಸೈನಿಕರು ಇಳಿದರು. 1968ರ ಹೊತ್ತಿಗೆ ಅಲ್ಲಿದ್ದ ಅಮೆರಿಕನ್ ಸೈನಿಕರು 5 ಲಕ್ಷಕ್ಕೂ ಹೆಚ್ಚು. ಸತ್ತ ಅಮೆರಿಕನರು 58,000ಕ್ಕೂ ಹೆಚ್ಚು. ಅವರ ಹೆಸರುಗಳನ್ನು ವಾಷಿಂಗ್ಟನ್ನಿನಲ್ಲಿ ಕಪ್ಪು ಕಲ್ಲಿನ ಮೇಲೆ ಕೊರೆಸಿದ್ದಾರೆ. ಸತ್ತ ವಿಯಟ್ನಾಮೀಯರನ್ನು ಲಕ್ಷಗಳಲ್ಲಿ ಎಣಿಸಬೇಕು. ಅಷ್ಟು ಹೆಸರು ಕೊರೆಯಲು ಕಲ್ಲೆಲ್ಲಿದೆ?

ಕೈಯೆತ್ತಿದವರಲ್ಲಿ ಕೆಲವರು ಮುಂದೆ ಪಶ್ಚಾತ್ತಾಪಪಟ್ಟರು. ನಿರ್ಣಯವನ್ನು ಸೆನೆಟ್ಟಿನಲ್ಲಿ ನಡೆಸಿಕೊಟ್ಟ ಫುಲ್‌ಬ್ರೈಟರೇ 1966ರಲ್ಲಿ ಯುದ್ಧದ ಮೇಲೆ ಬಹಿರಂಗ ವಿಚಾರಣೆ ಹೂಡಿದರು. ಆದರೂ 2002ರಲ್ಲಿ ಇದೇ ಕಾಂಗ್ರೆಸ್ಸು ಇರಾಕಿನ ಮೇಲೆ ಯುದ್ಧ ಹೂಡುವ ಅಧಿಕಾರವನ್ನು ಮತ್ತೊಬ್ಬ ಅಧ್ಯಕ್ಷರ ಕೈಗಿತ್ತಿತು. ಇವೆಯೆಂದು ಹೇಳಿದ ಅಸ್ತ್ರಗಳ ದಾಸ್ತಾನು ಅಲ್ಲಿ ಸಿಗಲಿಲ್ಲ.

ಮೋರ್ಸ್ ಮತ್ತು ಗ್ರೂನಿಂಗ್ ಇಬ್ಬರೂ 1968ರಲ್ಲಿ ತಮ್ಮ ಸ್ಥಾನ ಕಳೆದುಕೊಂಡರು. ಟಾಂಕಿನ್ ನಿರ್ಣಯ ರದ್ದಾದದ್ದು 1971ರ ಜನವರಿಯಲ್ಲಿ. ಆ ದಿನ ಅವರಿಬ್ಬರೂ ಸದನದಲ್ಲಿರಲಿಲ್ಲ.